ಸರ್ವರ್ ನಿಂತಷ್ಟು ಹೊತ್ತು ಗಡಿಯಾರವನ್ನೂ ನಿಲ್ಲಿಸಿದೆ: ಮೈನ್‌ಕ್ರಾಫ್ಟ್ ಸರ್ವರಿನ ಮೆಂಟೆನೆನ್ಸ್ ಕುರಿತು ನನ್ನ ಅನುಭವ

ಚೌಕಗಳ ಲೋಕ ಕಟ್ಟುವ ಈ ಆಟವನ್ನು ಹಲವರು ಸೇರಿ ಆಡುವ ನಮ್ಮ ಸರ್ವರನ್ನು ಮೆಂಟೆನೆನ್ಸ್ ಮುಗಿಸಿ ತೆರೆದ ಮೊದಲ ಅರ್ಧ ಗಂಟೆಯಲ್ಲಿ ನಮ್ಮ ಡಿಸ್ಕಾರ್ಡ್ ಚಾಟ್ ಗುಂಪಿಗೆ ಬರುವ ದೂರುಗಳನ್ನು ಒಂದು ಶೀಟಿನಲ್ಲಿ ಬರೆದಿಡುವ ಅಭ್ಯಾಸ ನನಗೆ ಮೊದಲಿನಿಂದಲೂ ಇದೆ. ಅವುಗಳಲ್ಲಿ ಮುಕ್ಕಾಲು ಪಾಲು ಕಾಲಕ್ಕೆ ಸಂಬಂಧಿಸಿದವು: ಕೊಂಡಿದ್ದ ಬೂಸ್ಟರ್ (ಕೆಲ ಹೊತ್ತು ಅನುಭವಾಂಕ ಹೆಚ್ಚಿಸುವ ಸವಲತ್ತು) ಬಳಸುವ ಮೊದಲೇ ಮುಗಿದಿದೆ, ಹರಾಜಿಗಿಟ್ಟಿದ್ದ ಎಲಿಟ್ರಾ ಎಂಬ ಹಾರುವ ರೆಕ್ಕೆ ಯಾರೂ ಬೆಲೆ ಕೂಗದೆ ವಾಪಸು ಬಂದಿದೆ, ದಿನನಿತ್ಯದ ಬಹುಮಾನದ ಸರಣಿ ಮುರಿದಿದೆ, ಅಂಗಡಿ ಜಾಗದ ಬಾಡಿಗೆಯ ಅವಧಿ ತೀರಿ ಸಾಮಾನೆಲ್ಲ ಹೊರಗೆ ಬಿದ್ದಿದೆ. ಸರ್ವರ್ ಎರಡು ಗಂಟೆ ಏಕೆ ಮುಚ್ಚಿತ್ತು ಎಂದು ಕೇಳುತ್ತಿದ್ದವರು ಬೆರಳೆಣಿಕೆಯಷ್ಟು ಮಂದಿ. ಹೀಗಿದ್ದರೂ ನನ್ನ ಪರಿಚಯದ ಸರ್ವರ್ ಮಾಲೀಕರೆಲ್ಲ ವರ್ಷಗಟ್ಟಲೆ ದುಡ್ಡು ಸುರಿಯುತ್ತಿದ್ದದ್ದು ಆ ಎರಡು ಗಂಟೆಯನ್ನು ಇಪ್ಪತ್ತು ನಿಮಿಷಕ್ಕೆ ಇಳಿಸುವ ಕೆಲಸಕ್ಕೆ. ಸರ್ವರ್ ನಿಂತಷ್ಟು ಹೊತ್ತು ಆಟಗಾರರ ಗಡಿಯಾರಗಳನ್ನೂ ನಿಲ್ಲಿಸಿಬಿಡೋಣ ಎಂದು 2022ರ ಆರಂಭದಲ್ಲಿ ನಾನು ಹೇಳಿದಾಗ, ಅವರಲ್ಲಿ ಹೆಚ್ಚಿನವರು ಇದನ್ನು ತಲೆಹರಟೆ ಎಂದು ತಳ್ಳಿಹಾಕಿದರು. ಅವರಲ್ಲೇ ಇಬ್ಬರು ಈಗ ಈ ಕೆಲಸ ಮಾಡುವ ನನ್ನ ಸ್ಕ್ರಿಪ್ಟನ್ನು (ಪುಟ್ಟ ಪ್ರೋಗ್ರಾಮನ್ನು) ಕೇಳಿ ಪಡೆದು ಬಳಸುತ್ತಿದ್ದಾರಾದ್ದರಿಂದ, ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ನಮ್ಮದು 2020ರ ಲಾಕ್‌ಡೌನ್ ಕಾಲದಲ್ಲಿ ಶಿವಮೊಗ್ಗದ ಮನೆಯಿಂದ ಆರಂಭವಾದ, ಜಾವಾ ಎಂಬ ಕಂಪ್ಯೂಟರ್ ಆವೃತ್ತಿಯ ಸರ್ವೈವಲ್ (ಬೇಕಾದ್ದನ್ನು ತಾವೇ ಗಳಿಸಿ ಬದುಕುವ) ಸರ್ವರ್. ಯಂತ್ರ ಮುಂಬೈಯಲ್ಲಿದೆ, ಮುಂದೆ ಆಟಗಾರರನ್ನು ಸರಿಯಾದ ಸರ್ವರಿಗೆ ಕಳಿಸುವ ವೆಲಾಸಿಟಿ, ಹಿಂದೆ ಆಟ ನಡೆಸುವ ಪೇಪರ್, ದತ್ತಾಂಶವೆಲ್ಲ ಮರಿಯಾಡಿಬಿ ಎಂಬ ಡೇಟಾಬೇಸಿನ ಕೋಷ್ಟಕಗಳಲ್ಲಿ. ಸಾಮಾನ್ಯ ಸಂಜೆಗಳಲ್ಲಿ ಅರವತ್ತು ಎಪ್ಪತ್ತು ಮಂದಿ ಇರುತ್ತಾರೆ, ದಸರಾ ರಜೆಯಲ್ಲಿ ನೂರೈವತ್ತರ ಹತ್ತಿರ ಹೋಗುತ್ತದೆ, ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಪರೀಕ್ಷೆಗಳು ಶುರುವಾದೊಡನೆ ಮೂವತ್ತಕ್ಕೆ ಇಳಿಯುತ್ತದೆ. ಹೆಚ್ಚಿನವರು ಕರ್ನಾಟಕದ ಹುಡುಗರು. ಒಂದಿಷ್ಟು ಮಂದಿ ಕೇರಳ, ಮಹಾರಾಷ್ಟ್ರದವರು. ದುಬೈ ಮತ್ತು ನ್ಯೂಜೆರ್ಸಿಯಲ್ಲಿರುವ ಕನ್ನಡದ ಮಕ್ಕಳೂ ಹತ್ತು ಹದಿನೈದು ಮಂದಿ ಇದ್ದಾರೆ. ಒಳ್ಳೆಯ ತಿಂಗಳಲ್ಲಿ ಹದಿನೆಂಟರಿಂದ ಇಪ್ಪತ್ತು ಸಾವಿರ ರೂಪಾಯಿ ಯುಪಿಐ ಮೂಲಕ ಬರುತ್ತದೆ, ಅದರಲ್ಲಿ ಆರೂವರೆ ಸಾವಿರದಷ್ಟು ಮುಖ್ಯ ಯಂತ್ರದ ಬಾಡಿಗೆಗೇ ಹೋಗುತ್ತದೆ. 2014ರಿಂದ, ಆಟವನ್ನು ರೂಪಿಸಿದ ಮೊಜಾಂಗ್ ಸಂಸ್ಥೆ ಹಾಕಿರುವ ನಿಯಮಗಳಿಗೆ ಒಳಪಟ್ಟು ನಾವು ಮಾರುವುದು ಅಲಂಕಾರದ ಸಾಮಾನು, ಹೆಸರಿನ ಮುಂದಿನ ಬಣ್ಣದ ಪದವಿ, ಮತ್ತು ಯಾರೇ ಕೊಂಡರೂ ಇಡೀ ಸರ್ವರಿಗೆ ಸಮನಾಗಿ ಸಿಗುವ ಎರಡು ಗಂಟೆಯ ಅನುಭವಾಂಕದ ಬೂಸ್ಟರ್. ನಮ್ಮ ತಲೆನೋವಿನ ಮೂಲವೂ ಈ ಬೂಸ್ಟರೇ ಆಗಿತ್ತು.

ಇದು ಗಂಭೀರವೆಂದು ನನಗೆ ಅನ್ನಿಸಿದ್ದು 2021ರ ಡಿಸೆಂಬರ್ 10ರ ಶುಕ್ರವಾರ. ಲಾಗ್‌4ಜೆ ಎಂಬ ದಾಖಲೆ ಬರೆಯುವ ತಂತ್ರಾಂಶದ ದೋಷ ಬಹಿರಂಗವಾಗಿ, ಚಾಟಿನಲ್ಲಿ ಒಂದು ಸಾಲು ಟೈಪ್ ಮಾಡಿದರೆ ಸಾಕು ಸರ್ವರಿನೊಳಗೆ ಹೊರಗಿನವರ ಕೋಡ್ ಓಡಿಸಬಹುದು ಎಂಬ ಸುದ್ದಿ ಹಬ್ಬಿದ ದಿನ ಅದು. ವಾರದಲ್ಲೇ ಅತಿ ಹೆಚ್ಚು ಜನ ಇರುವ ಸಂಜೆಯಲ್ಲಿ, ಒಂದು ನಿಮಿಷದ ಮುನ್ಸೂಚನೆಯನ್ನೂ ಕೊಡದೆ ಎಲ್ಲವನ್ನೂ ಮುಚ್ಚಿ, ತಿದ್ದಿದ ಆವೃತ್ತಿ ಹಾಕಿ, ಲಾಗು ದಾಖಲೆಗಳನ್ನು ತಡಕಾಡಿ ಮತ್ತೆ ತೆರೆಯುವಷ್ಟರಲ್ಲಿ ಮೂರು ಗಂಟೆ ಕಳೆದಿತ್ತು. ಮುಚ್ಚಿದ್ದಕ್ಕೆ ಒಬ್ಬರೂ ಬೇಸರಿಸಲಿಲ್ಲ, ಕಾರಣ ಹೇಳಿದ್ದೆ, ಎಲ್ಲರೂ ಅರ್ಥ ಮಾಡಿಕೊಂಡರು. ಆದರೆ ಅಂದು ಸಂಜೆಗೆಂದೇ ನಾಲ್ಕು ಮಂದಿ ಸೇರಿ ಬೂಸ್ಟರುಗಳನ್ನು ಕೊಂಡು ಸಾಲಾಗಿ ಇಟ್ಟಿದ್ದರು, ಅವೆಲ್ಲ ಮುಚ್ಚಿದ ಸರ್ವರಿನಲ್ಲೇ ಉರಿದುಹೋಗಿದ್ದವು. ‘ಅಣ್ಣಾ, ಹ್ಯಾಕರ್ ವಿಷಯ ಸರಿ, ನನ್ನ ತೊಂಬತ್ತೊಂಬತ್ತು ರೂಪಾಯಿ ಯಾರು ತಿಂದರು?’ ಎಂದು ಭದ್ರಾವತಿಯ ಒಬ್ಬ ಹುಡುಗ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ವಾರ ಮರಳಿಸಿದ ಹಣ ಸಾವಿರದೈನೂರರ ಆಸುಪಾಸು.

ದೊಡ್ಡ ಆಟಗಳ ಅನುಕರಣೆಯಿಂದಲೇ ಎಲ್ಲರೂ ಶುರು ಮಾಡುವುದು, ನಾನೂ ಹಾಗೆಯೇ ಮಾಡಿದೆ. ಗೆನ್‌ಶಿನ್ ಇಂಪ್ಯಾಕ್ಟ್ ಎಂಬ ಆಟದಲ್ಲಿ ಹೊಸ ಆವೃತ್ತಿ ಬರುವಾಗ ನಮ್ಮ ಸಮಯ ನಸುಕಿನ 3:30ಕ್ಕೆ ಸರ್ವರ್ ಮುಚ್ಚಿ ಸುಮಾರು ಐದು ಗಂಟೆ ಬಿಟ್ಟು ತೆರೆಯುತ್ತಾರೆ, ಗಂಟೆಗೆ 60ರಂತೆ ಆಟದೊಳಗಿನ ನಾಣ್ಯವಾದ 300 ಪ್ರೈಮೋಜೆಮ್‌ಗಳನ್ನು ಅಂಚೆಪೆಟ್ಟಿಗೆಗೆ ಹಾಕುತ್ತಾರೆ. ಆಟಗಾರರು ಮೆಂಟೆನೆನ್ಸ್ ಬಂದರೆ ಖುಷಿಪಡುವಷ್ಟರ ಮಟ್ಟಿಗೆ ಈ ಲೆಕ್ಕ ಅಲ್ಲಿ ಕೆಲಸ ಮಾಡಿದೆ. ನಾನು ಮುಚ್ಚಿದ ಗಂಟೆಗೆ ಮೂವತ್ತೆರಡು ವಜ್ರದಂತೆ, ಆ ದಿನ ಲಾಗಿನ್ ಆದವರಿಗೆಲ್ಲ ಹಂಚಿದೆ. ಎರಡನೇ ಸಲಕ್ಕೇ ಒಬ್ಬೊಬ್ಬರು ಮೂರು ನಾಲ್ಕು ಖಾತೆಗಳಿಂದ ಬಂದು ಸಾಲುಗಟ್ಟಿದರು. ಆಟಗಾರರ ಅಂಗಡಿಗಳಲ್ಲಿ ನೂರು ನಾಣ್ಯಕ್ಕೆ ಮಾರಾಟವಾಗುತ್ತಿದ್ದ ವಜ್ರ ಐವತ್ತೈದಕ್ಕೋ ಅರವತ್ತಕ್ಕೋ ಕುಸಿಯಿತು, ರಾತ್ರಿಯಿಡೀ ಗಣಿ ತೋಡಿದವರು ಹೊಸದಾಗಿ ಸಿಟ್ಟಾದರು, ಮತ್ತು ಬೂಸ್ಟರ್ ಕಳೆದುಕೊಂಡವನ ದೂರು ಹಾಗೆಯೇ ಉಳಿಯಿತು, ಏಕೆಂದರೆ ಏನನ್ನೂ ಕಳೆದುಕೊಳ್ಳದ ಪಕ್ಕದವನಿಗೂ ಅಷ್ಟೇ ಸಿಕ್ಕಿತ್ತು. ಗೆನ್‌ಶಿನ್ ಪ್ರೈಮೋಜೆಮ್‌ಗಳನ್ನು ಆಟಗಾರರು ಪರಸ್ಪರ ಮಾರಿಕೊಳ್ಳಲಾಗದು; ನಮ್ಮ ವಜ್ರ ಸಂತೆಯ ಸರಕು. ಪರಿಹಾರ ಹಂಚುವ ಮೊದಲು ಈ ವ್ಯತ್ಯಾಸವನ್ನು ನೋಡಿಕೊಳ್ಳಲೇಬೇಕು.

ಅದರ ನಂತರದ ಪ್ರಯೋಗ ಎಲ್ಲ ಅವಧಿಗಳನ್ನೂ ಒಂದು ದಿನ ಮುಂದೂಡುವುದು. ಕೈಗೆ ಸುಲಭ, ಲೆಕ್ಕವಿಲ್ಲ, ಉದಾರವಾಗಿಯೂ ಕಾಣುತ್ತದೆ. ಅರ್ಧ ಗಂಟೆ ಮುಚ್ಚಿದ್ದಕ್ಕೂ ಇಡೀ ದಿನ ಮುಂದೂಡಿದ್ದರಿಂದ, ರಾತ್ರಿ ಒಂಬತ್ತಕ್ಕೆ ಮುಗಿಯಬೇಕಿದ್ದ ಹರಾಜು ಮರುದಿನ ಒಂಬತ್ತಕ್ಕೆ ಹೋಯಿತು, ಕೊನೆಯ ಕೂಗಿಗೆ ಕಾದು ಕುಳಿತಿದ್ದವರು ಬೈದರು, ಮಾರುವವನ ಗೆಳೆಯರು ಆ ಬಿಡುವಿನಲ್ಲಿ ಸುಳ್ಳು ಬೆಲೆ ಕೂಗಿ ಏರಿಸಿದರು ಎಂಬ ಜಗಳ ವಾರವಿಡೀ ನಡೆಯಿತು. ಎಷ್ಟು ಹೊತ್ತು ನಿಂತಿತ್ತೋ ಅಷ್ಟನ್ನೇ, ಸೆಕೆಂಡಿನ ಲೆಕ್ಕದಲ್ಲಿ ಮರಳಿಸಬೇಕೆಂಬ ನಿರ್ಧಾರಕ್ಕೆ ಬಂದದ್ದು ಆಗ.

ಇಲ್ಲಿ ಆಟದ ಮೂಲ ರಚನೆಯನ್ನು ನೆನೆಯುವುದು ಉಚಿತ. ಮೈನ್‌ಕ್ರಾಫ್ಟ್ ಸ್ವತಃ ಗೋಡೆಯ ಗಡಿಯಾರವನ್ನು ನಂಬುವುದಿಲ್ಲ, ಟಿಕ್ಕುಗಳನ್ನು, ಅಂದರೆ ಆಟದ ಒಂದೊಂದು ಹೆಜ್ಜೆಯನ್ನು, ಎಣಿಸುತ್ತದೆ. ಸೆಕೆಂಡಿಗೆ ಇಪ್ಪತ್ತು, ಆಟದ ಒಂದು ದಿನಕ್ಕೆ 24,000. ಸರ್ವರ್ ನಿಂತರೆ ಟಿಕ್ಕೂ ನಿಲ್ಲುತ್ತದೆ, ಆದ್ದರಿಂದ ಒಲೆಯಲ್ಲಿಟ್ಟ ಕಬ್ಬಿಣ, ಹೊಲದ ಗೋಧಿ, ವ್ಯಾಪಾರಿಯ ದಾಸ್ತಾನು ಯಾವುದೂ ಮೆಂಟೆನೆನ್ಸಿನಿಂದ ಒಂದಿಷ್ಟೂ ಕೆಡುವುದಿಲ್ಲ. ನಾವು ಮೇಲಿಂದ ಹೇರಿದ ಪ್ಲಗಿನ್ನುಗಳು, ಅಂದರೆ ಹೆಚ್ಚುವರಿ ಸೌಲಭ್ಯಗಳ ಪುಟ್ಟ ತಂತ್ರಾಂಶಗಳು, ಮಾತ್ರ ಮುಕ್ತಾಯದ ಕ್ಷಣವನ್ನು ನಿಜಲೋಕದ ಸಮಯದಲ್ಲಿ, 1970ರಿಂದ ಎಣಿಸಿದ ಮಿಲಿಸೆಕೆಂಡುಗಳಾಗಿ, ಬರೆದಿಡುತ್ತವೆ. ಅಂದರೆ ಮೊಜಾಂಗಿನವರು ಬಿಡಿಸಿಟ್ಟಿದ್ದ ಸಮಸ್ಯೆಯನ್ನು ನಾವೇ ದುಡ್ಡು ಕೊಟ್ಟು ಮತ್ತೆ ಮನೆಗೆ ತಂದಿದ್ದೆವು. ನನ್ನ ವಿಧಾನದ ತಿರುಳು ಇಷ್ಟೇ: ಸರ್ವರ್ ನಿಂತಿದ್ದ ಅವಧಿಯನ್ನು ಅಳೆದು, ಮತ್ತೆ ಆರಂಭಿಸುವ ಮೊದಲು, ಪ್ರತಿಯೊಂದು ಮುಕ್ತಾಯದ ಕ್ಷಣಕ್ಕೂ ಅಷ್ಟನ್ನು ಕೂಡಿಸುವುದು.

ಹೇಳಲು ಒಂದು ಸಾಲು, ಮಾಡಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಮೊದಲು ಸರ್ವರ್ ತೆರೆದ ಮೇಲೆ ಕೋಷ್ಟಕಗಳನ್ನು ತಿದ್ದುತ್ತಿದ್ದೆ. ಕೆಲವು ಪ್ಲಗಿನ್ನುಗಳು ಆರಂಭದಲ್ಲೇ ಎಲ್ಲವನ್ನೂ ಸ್ಮೃತಿಗೆ ಎತ್ತಿಕೊಂಡು, ಮುಚ್ಚುವಾಗ ತಮ್ಮ ಹಳೆಯ ಪ್ರತಿಯನ್ನು ನನ್ನ ತಿದ್ದುಪಡಿಯ ಮೇಲೆ ಬರೆದುಬಿಡುತ್ತಿದ್ದವು. ಸರ್ವರಿನ ಪ್ರಕ್ರಿಯೆ ಪೂರ್ತಿ ಸತ್ತಿದೆಯೆಂದು ಖಚಿತವಾದ ಮೇಲೆಯೇ, ಡೇಟಾಬೇಸಿನ ಪ್ರತಿ ತೆಗೆದಿಟ್ಟು, ಆಮೇಲೆ ತಿದ್ದಬೇಕು. ಇನ್ನು ಕೆಲವು ಪ್ಲಗಿನ್ನುಗಳು ಪ್ರತಿ ಆಟಗಾರನಿಗೂ ಒಂದೊಂದು ಯಾಮಲ್ ಎಂಬ ಪಠ್ಯರೂಪದ ಕಡತವನ್ನಿಟ್ಟುಕೊಂಡಿರುತ್ತವೆ, ಸಾವಿರಾರು ಕಡತಗಳನ್ನು ತೆರೆದು ತಿದ್ದುವಾಗ ಒಂದರ ಇಂಡೆಂಟ್ (ಸಾಲಿನ ಮೊದಲಿನ ಖಾಲಿ ಜಾಗ) ಕೆಟ್ಟರೂ ಆ ಆಟಗಾರನ ಮನೆ ಮಠವೆಲ್ಲ ಮಾಯ. ಅಂಥ ಎರಡು ಪ್ಲಗಿನ್ನುಗಳನ್ನು ನಾನು ಕಿತ್ತೇ ಹಾಕಿದೆ.

ಪದವಿ, ಅನುಮತಿಗಳನ್ನು ನೋಡಿಕೊಳ್ಳುವ ಪ್ಲಗಿನ್ ಮುಕ್ತಾಯದ ಕ್ಷಣವನ್ನು ಮಿಲಿಸೆಕೆಂಡಿನಲ್ಲಿ ಇಡದೆ ಸೆಕೆಂಡಿನಲ್ಲಿ ಇಡುತ್ತದೆ. ಯಾವುದೆಂದು ಬಲ್ಲವರಿಗೆ ಗೊತ್ತು. ಎರಡು ಗಂಟೆಯ ಮೆಂಟೆನೆನ್ಸಿಗೆ ನನ್ನ ಸ್ಕ್ರಿಪ್ಟ್ ಎಲ್ಲ ಕೋಷ್ಟಕಗಳಿಗೂ ಕಣ್ಣುಮುಚ್ಚಿ 72 ಲಕ್ಷ (ಎರಡು ಗಂಟೆಯ ಮಿಲಿಸೆಕೆಂಡುಗಳು) ಕೂಡಿಸಿದ್ದರಿಂದ, ತಾತ್ಕಾಲಿಕ ಪದವಿ ಕೊಂಡವರಿಗೆಲ್ಲ ಎರಡು ಗಂಟೆಗೆ ಬದಲಾಗಿ ಎಂಬತ್ತಮೂರು ದಿನ ಹೆಚ್ಚುವರಿ ಸಿಕ್ಕಿತು. ಮೂವತ್ತರ ಹತ್ತಿರದ ಆಟಗಾರರು, ತಿಂಗಳ ಪದವಿಗೆ ನೂರೈವತ್ತು ರೂಪಾಯಿ, ಹತ್ತಿರ ಹತ್ತಿರ ಮೂರು ತಿಂಗಳ ನವೀಕರಣ: ಲೆಕ್ಕ ಹಾಕಿದರೆ ಹನ್ನೆರಡು ಸಾವಿರ ಮೀರುತ್ತದೆ. ಹಿಂದಕ್ಕೆ ಕಿತ್ತುಕೊಳ್ಳುವುದು ಬೇಡವೆಂದು ಬಿಟ್ಟುಕೊಟ್ಟೆ, ಹಬ್ಬದ ಕೊಡುಗೆ ಎಂದು ಹೆಸರಿಟ್ಟೆ. ಯಂತ್ರ ಬದಲಿಸಿದಾಗ ಇನ್ನೊಂದು ತಮಾಷೆ ನಡೆಯಿತು. ಹೊಸ ಯಂತ್ರ, ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಬಂದಿತ್ತು, ಬಾಡಿಗೆಯ ಪ್ಲಗಿನ್ ಮಾತ್ರ ಸಮಯವನ್ನು ಸ್ಥಳೀಯ ದಿನಾಂಕದ ಅಕ್ಷರರೂಪದಲ್ಲಿ ಬರೆದಿಡುತ್ತಿತ್ತು. ಎಲ್ಲ ಬಾಡಿಗೆಗಳೂ ಐದೂವರೆ ಗಂಟೆ ಹಿಗ್ಗಿದವು. ಇದರ ಬಗ್ಗೆ ಒಂದೇ ಒಂದು ದೂರೂ ಬರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಅವಧಿಯನ್ನು ಅಳೆಯುವ ಕೆಲಸವೂ ತೋರುವಷ್ಟು ಸರಳವಲ್ಲ. ನಾನೇ ಮುಚ್ಚಿ ನಾನೇ ತೆರೆದಾಗ ಎರಡು ಕ್ಷಣಗಳನ್ನು ಬರೆದುಕೊಂಡರೆ ಸಾಕು, ಆದರೆ ನಡುರಾತ್ರಿ ಸರ್ವರ್ ತಾನೇ ಬಿದ್ದಾಗ ಅದು ಯಾವಾಗ ಬಿತ್ತೆಂದು ಯಾರು ಬರೆದಿಡಬೇಕು? ನಿಮಿಷಕ್ಕೊಮ್ಮೆ ಕಡತದಲ್ಲಿ ಸಮಯ ಬರೆಯುವ ‘ಮಿಡಿತ’ವನ್ನು ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನಿನಲ್ಲಿ ಹಾಕಿದೆ, ಆದರೆ ಸರ್ವರ್ ಹೆಪ್ಪುಗಟ್ಟಿ ಟಿಪಿಎಸ್ (ಸೆಕೆಂಡಿಗೆ ಓಡುವ ಟಿಕ್ಕುಗಳು) ಸೊನ್ನೆಗಿಳಿದಿದ್ದಾಗಲೂ ಕ್ರಾನ್ ಆರೋಗ್ಯವಾಗಿ ಮಿಡಿಯುತ್ತಿತ್ತು. ಮಿಡಿತ ಆಟದ ಟಿಕ್ಕಿನೊಳಗಿಂದಲೇ ಹೊರಡಬೇಕೆಂದು ದಾವಣಗೆರೆಯ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿಯಿಂದ ಎಂಟು ಸಾವಿರ ರೂಪಾಯಿಗೆ ಸಣ್ಣ ಪ್ಲಗಿನ್ ಬರೆಸಿದೆ. ಇಡೀ ಯೋಜನೆಯಲ್ಲಿ ಅತ್ಯಂತ ಸಾರ್ಥಕವಾದ ಖರ್ಚು ಅದು. ಸರ್ವರ್ ಏಳುವಾಗ ಕೊನೆಯ ಮಿಡಿತಕ್ಕೂ ಈ ಕ್ಷಣಕ್ಕೂ ನಡುವಿನ ಅಂತರ ಮೂರು ನಿಮಿಷ ಮೀರಿದ್ದರೆ ಪೈಥಾನ್ ಸ್ಕ್ರಿಪ್ಟ್ ಅಷ್ಟನ್ನು ಕೂಡಿಸುತ್ತದೆ, ಎರಡು ದಿನ ಮೀರಿದ್ದರೆ ನನ್ನ ಅನುಮತಿಗಾಗಿ ನಿಲ್ಲುತ್ತದೆ. ಪ್ರತಿ ಸಲವೂ ಮೊದಲು ಎಷ್ಟು ಸಾಲುಗಳು ಬದಲಾಗಲಿವೆ ಎಂದು ತೋರಿಸುವ ಒಣ ಓಟ ನಡೆಯುತ್ತದೆ, ಸಂಖ್ಯೆ ಕಣ್ಣಿಗೆ ವಿಚಿತ್ರವಾಗಿ ಕಂಡರೆ ಮುಂದೆ ಹೋಗುವುದಿಲ್ಲ. ಆಟದ 1.21.2 ಆವೃತ್ತಿಯಿಂದ ಖಾಲಿ ಸರ್ವರ್ ತಾನಾಗಿ ವಿರಮಿಸುವ ಸೆಟ್ಟಿಂಗ್ ಬಂದಿದೆಯಷ್ಟೆ. ಟಿಕ್ಕಿನಿಂದ ಮಿಡಿತ ತೆಗೆಯುವವರು ಅದು ಆಫ್ ಆಗಿದೆಯೇ ಎಂದು ನೋಡಿಕೊಳ್ಳಬೇಕು, ಇಲ್ಲವಾದರೆ ಬೆಳಗಿನ ಜಾವ ಯಾರೂ ಇಲ್ಲದ ಹೊತ್ತೂ ಮೆಂಟೆನೆನ್ಸ್ ಎಂದೇ ಲೆಕ್ಕವಾಗುತ್ತದೆ.

ಸರ್ವರ್ ಬದುಕಿದ್ದೂ ಯಾರಿಗೂ ತಲುಪದ ಸ್ಥಿತಿ ಇನ್ನೊಂದು ಬಗೆಯದು. ಹಿಂದಿನ ಹೋಸ್ಟಿಂಗ್ ಸಂಸ್ಥೆಯ ಜಾಲ ಕೆಟ್ಟು ಒಮ್ಮೆ ಐದಾರು ಗಂಟೆ ಹೊರಗಿನ ಸಂಪರ್ಕವೇ ಇರಲಿಲ್ಲ. ಒಳಗೆ ಟಿಕ್ಕು ಇಪ್ಪತ್ತರಲ್ಲೇ ಓಡುತ್ತಿತ್ತು. ಇದನ್ನು ಪತ್ತೆಹಚ್ಚಲು ಹೊರಗಿನಿಂದ ನೋಡುವ ಕಣ್ಣು ಬೇಕು, ಆದರೆ ಆ ಕಣ್ಣೇ ಕೆಟ್ಟರೆ ಸುಮ್ಮಸುಮ್ಮನೆ ಎಲ್ಲರ ಅವಧಿ ಹಿಗ್ಗುತ್ತದೆ. ಎರಡನ್ನೂ ತಾಳೆ ಹಾಕುವ ಒಂದು ಉಪಾಯ ನನ್ನಲ್ಲಿದೆ, ಎರಡು ವರ್ಷದಿಂದ ಕೈಕೊಟ್ಟಿಲ್ಲ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಆಟಗಾರರ ಸಂಖ್ಯೆಯ ಇಳಿತದ ವೇಗವನ್ನು ಗಮನಿಸಿದವರಿಗೆ ಅದು ತಾನಾಗಿ ಹೊಳೆಯುತ್ತದೆ ಎಂದಷ್ಟೇ ಹೇಳಬಲ್ಲೆ.

ಯಾವ ಗಡಿಯಾರ ನಿಲ್ಲಬೇಕು, ಯಾವುದು ಓಡಬೇಕು ಎಂಬ ಪ್ರಶ್ನೆ ತಾಂತ್ರಿಕ ಕೆಲಸಕ್ಕಿಂತ ಹೆಚ್ಚು ತಲೆ ತಿಂದಿತು. ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶದ ಆಟ ದಿನವೂ 11:00 ಯುಟಿಸಿಗೆ, ನಮ್ಮ ಸಂಜೆ 4:30ಕ್ಕೆ, ಸ್ವಲ್ಪ ಹೊತ್ತು ಮುಚ್ಚುತ್ತದೆ. ಆ ಹೊತ್ತಿನಲ್ಲೂ ಆಟಗಾರರ ಕೌಶಲ ತರಬೇತಿ ಮುಂದುವರಿಯುತ್ತಲೇ ಇರುತ್ತದೆ. ಗಡಿಯಾರ ಆಟಗಾರನ ಪರವಾಗಿ ಓಡುವಾಗ ಅದನ್ನು ನಿಲ್ಲಿಸುವುದು ಮೂರ್ಖತನ. ಫೈನಲ್ ಫ್ಯಾಂಟಸಿ 14 ಎಂಬ ಆಟದಲ್ಲಿ 45 ದಿನ ಆಟದೊಳಗಿನ ತನ್ನ ಮನೆಗೆ ಕಾಲಿಡದಿದ್ದರೆ ಮನೆ ತಾನಾಗಿ ಕೆಡವಲ್ಪಡುತ್ತದೆ; 2020ರಲ್ಲಿ ಕೊರೊನಾ ಹಬ್ಬಿದಾಗ, 2024ರ ಜನವರಿಯಲ್ಲಿ ಜಪಾನಿನ ನೋಟೊ ಭೂಕಂಪವಾದಾಗ, ಆ ಎಣಿಕೆಯನ್ನು ಅವರು ತಡೆಹಿಡಿದರು. ಗಡಿಯಾರ ಆಟಗಾರನ ವಿರುದ್ಧ ಓಡುತ್ತಿದ್ದು, ಅವನು ಬರಲಾಗದ ಸ್ಥಿತಿಯಲ್ಲಿದ್ದರೆ, ಅದನ್ನು ತಡೆಯಬೇಕು. ಅದೇ ಆಟ 2021ರ ಡಿಸೆಂಬರಿನಲ್ಲಿ ಹೊಸ ವಿಸ್ತರಣೆಯ ನೂಕುನುಗ್ಗಲಿನಿಂದ ಚಂದಾದಾರರಿಗೆ ಒಳಗೆ ಬರಲಾಗದೆ ಹೋದಾಗ ಮೊದಲು ಏಳು ದಿನ, ನಂತರ ಹದಿನಾಲ್ಕು ದಿನ ಚಂದಾ ಅವಧಿಯನ್ನು ಉಚಿತವಾಗಿ ಕೊಟ್ಟಿತು. ನನ್ನನ್ನು ಗೇಲಿ ಮಾಡಿದವರಿಗೆ ನಾನು ತೋರಿಸಿದ್ದು ಈ ಉದಾಹರಣೆಗಳನ್ನೇ. ಆಟದ ಕೈಗಾರಿಕೆಗೆ ಗೊತ್ತಿಲ್ಲದ್ದನ್ನು ನಾನು ಕಂಡುಹಿಡಿದಿಲ್ಲ. ಅವರು ಅಪರೂಪಕ್ಕೆ ದೊಡ್ಡ ಮನಸ್ಸಿನಿಂದ ಮಾಡುವುದನ್ನು ಪ್ರತಿ ಬುಧವಾರ, ಸೆಕೆಂಡು ಲೆಕ್ಕದಲ್ಲಿ, ಕೇಳದೆಯೇ ಮಾಡುತ್ತಿದ್ದೇನೆ.

ನಮ್ಮಲ್ಲಿ ಬೂಸ್ಟರ್, ಪದವಿ, ಬಾಡಿಗೆ, ಹರಾಜು, ಜಮೀನಿನ ಹಕ್ಕು, ಬಹುಮಾನದ ಸರಣಿ ಇಷ್ಟೂ ನಿಲ್ಲುತ್ತವೆ. ತಾತ್ಕಾಲಿಕ ಬ್ಯಾನ್ ಮತ್ತು ಮ್ಯೂಟ್ ಓಡುತ್ತಲೇ ಇರುತ್ತವೆ. ಶಿಕ್ಷೆಯ ಗಡಿಯಾರವನ್ನೂ ನಿಲ್ಲಿಸಬೇಕೆಂದು, ಕಳ್ಳಾಟದ ಹುಡುಗರ ಕಾಟ ಅನುಭವಿಸಿದ ನಮ್ಮ ಮಂಗಳೂರಿನ ಮಾಡರೇಟರ್ ಬಹಳ ವಾದಿಸಿದರು. ‘ಎಂತ ಮಾರಾಯ್ರೆ, ಸರ್ವರ್ ಇಲ್ಲದಾಗ ಅವನು ಬ್ಯಾನ್ ಆಗಿದ್ದರೆಷ್ಟು, ಇಲ್ಲದಿದ್ದರೆಷ್ಟು?’ ಎಂಬ ಅವರ ತರ್ಕ ಸರಿಯೇ. ಆದರೆ ಬ್ಯಾನ್ ಆದವನಿಗೆ ಮುಗಿಯುವ ದಿನ ಮೊದಲೇ ತಿಳಿಸಿರುತ್ತೇವೆ, ಅದನ್ನು ಮುಂದೂಡಿದರೆ ಹೊಸ ಜಗಳಕ್ಕೆ ದಾರಿ ಎಂದು ನಾನು ಒಪ್ಪಲಿಲ್ಲ.

ಗಡಿಯಾರ ನಿಲ್ಲಿಸಿದ್ದು ಆಟಗಾರರಿಗೆ ತಿಳಿಯದಿದ್ದರೆ ಅರ್ಧ ಪ್ರಯೋಜನವೂ ಇಲ್ಲವೆಂಬುದು ಮೊದಲ ಕೆಲವು ತಿಂಗಳಲ್ಲೇ ಗೊತ್ತಾಯಿತು. ಸ್ಕ್ರಿಪ್ಟ್ ಸರಿಯಾಗಿ ಕೆಲಸ ಮಾಡುತ್ತಿತ್ತು, ದೂರುಗಳು ಮಾತ್ರ ಅಷ್ಟೇ ಇದ್ದವು, ಏಕೆಂದರೆ ತೆರೆಯುವವರೆಗೂ ಜನ ತಮ್ಮದು ಹೋಯಿತೆಂದೇ ನಂಬಿ ಕೊತಕೊತ ಕುದಿಯುತ್ತಿದ್ದರು. ಆಗ ವೆಲಾಸಿಟಿ ಆಟಗಾರರನ್ನು ಸಾಲಾಗಿ ಕಳಿಸಿ ನೋಡುವ ಸರ್ವರುಗಳ ಟ್ರೈ ಪಟ್ಟಿಯಲ್ಲಿ ಎರಡನೆಯದಾಗಿ ಒಂದು ಕಾಯುವ ಕೋಣೆಯನ್ನು ಸೇರಿಸಿದೆ. ಮುಖ್ಯ ಸರ್ವರ್ ಮುಚ್ಚಿದೊಡನೆ ಆಟಗಾರರು ಹೊರಗೆ ಬೀಳದೆ ಆ ಕೋಣೆಗೆ ಬರುತ್ತಾರೆ. ತಿಂಗಳಿಗೆ ಆರುನೂರು ರೂಪಾಯಿಯ ಪ್ರತ್ಯೇಕ ಯಂತ್ರ ಅದಕ್ಕೆ. ಮೊದಲು ನ್ಯಾನೋಲಿಂಬೋ ಎಂಬ ಹಗುರ ಸರ್ವರ್ ತಂತ್ರಾಂಶ ಹಾಕಿದ್ದೆ, ಸ್ಮೃತಿ ತೀರಾ ಕಡಿಮೆ ಸಾಕು, ಆದರೆ ಬರಿಯ ಕತ್ತಲ ಶೂನ್ಯದಲ್ಲಿ ಆಟಗಾರ ತೇಲುತ್ತಿರುತ್ತಾನೆ, ಪ್ಲಗಿನ್ ಹಾಕುವಂತಿಲ್ಲ. ಅದನ್ನು ತೆಗೆದು ಒಂದು ಜಿಬಿಯ ಪುಟ್ಟ ಪೇಪರ್ ಸರ್ವರ್ ನಿಲ್ಲಿಸಿದೆ, ಪರದೆಯ ಮೇಲ್ಪಟ್ಟಿಯಲ್ಲಿ ಪ್ರತಿಯೊಬ್ಬನಿಗೂ ಅವನದೇ ಲೆಕ್ಕ ಕಾಣುವಂತೆ ಮಾಡಿದೆ: ‘ಬೂಸ್ಟರ್ ಬಾಕಿ 1 ಗಂಟೆ 12 ನಿಮಿಷ, ಗಡಿಯಾರ ನಿಂತಿದೆ.’ ಆ ಸಾಲು ಬಂದ ತಿಂಗಳಿನಿಂದ ದೂರುಗಳ ಶೀಟು ಬಡಕಲಾಯಿತು. ಪ್ರತಿ ಮೆಂಟೆನೆನ್ಸಿಗೆ ಇಪ್ಪತ್ತು ಇಪ್ಪತ್ತೈದು ಇದ್ದದ್ದು ಮೂರು ನಾಲ್ಕಕ್ಕೆ ಇಳಿದಿದೆ, ಹಣ ಮರಳಿಸುವ ಪ್ರಸಂಗ ಕಳೆದ ವರ್ಷವಿಡೀ ಒಂದೋ ಎರಡೋ ಬಂದಿರಬೇಕು.

ಕಾಯುವ ಕೋಣೆಯಲ್ಲಿ ಬೇಸರವಾಗದಿರಲೆಂದು ಒಂದು ಪಾರ್ಕೂರ್ ದಾರಿಯನ್ನು ಕಟ್ಟಿದ್ದು ಮಾತ್ರ ಬೇರೆಯೇ ಫಲ ಕೊಟ್ಟಿತು. ಕಷ್ಟದ ಜಿಗಿತಗಳನ್ನಿಟ್ಟಿದ್ದೆ, ಉತ್ತಮ ಸಮಯದ ಪಟ್ಟಿಯನ್ನೂ ಹಾಕಿದ್ದೆ. ಮುಖ್ಯ ಸರ್ವರ್ ತೆರೆದು ಎಲ್ಲರನ್ನೂ ಅತ್ತ ಎಳೆದುಕೊಂಡಾಗ, ಕೊನೆಯ ಜಿಗಿತದಲ್ಲಿದ್ದವರು ಇಷ್ಟು ಬೇಗ ಏಕೆ ತೆರೆದಿರಿ ಎಂದು ಕೂಗಾಡಿದರು. ಈಗ ಎಳೆದುಕೊಳ್ಳುವುದಿಲ್ಲ, ಒಂದು ಬಾಗಿಲು ತೆರೆಯುತ್ತದೆ, ಬೇಕಾದಾಗ ಅವರೇ ದಾಟುತ್ತಾರೆ. ಎಲ್ಲರೂ ಒಂದೇ ಕ್ಷಣಕ್ಕೆ ಒಳನುಗ್ಗಿ ಚಂಕುಗಳ (ಲೋಕದ ತುಂಡುಗಳ) ಲೋಡಿನಿಂದ ಸರ್ವರ್ ಏದುಸಿರು ಬಿಡುವುದೂ ಇದರಿಂದ ತಪ್ಪಿತು, ಅದು ನಾನು ಯೋಚಿಸಿರದ ಲಾಭ.

ಇನ್ನು ಹೊತ್ತಿನ ಆಯ್ಕೆ. ಎಲ್ಲರೂ ನಸುಕಿನ ನಾಲ್ಕು ಗಂಟೆಯನ್ನೇ ಹೇಳುತ್ತಾರೆ, ನಾನೂ ಎರಡು ವರ್ಷ ನಿದ್ದೆಗೆಟ್ಟು ಅದನ್ನೇ ಪಾಲಿಸಿದೆ. ಲಾಗುಗಳನ್ನು ಗಂಟೆವಾರು ಬಿಡಿಸಿ ನೋಡಿದರೆ ಚಿತ್ರ ಬೇರೆಯಿತ್ತು: ರಜೆಯಲ್ಲಿ ಕಾಲೇಜು ಹುಡುಗರು ಮೂರು ದಾಟಿದರೂ ಮಲಗುವುದಿಲ್ಲ, ಮತ್ತು ಬೇಸಿಗೆಯ ಲೆಕ್ಕದಲ್ಲಿ ನಮ್ಮ ನಾಲ್ಕು ಗಂಟೆ ನ್ಯೂಜೆರ್ಸಿಯ ಸಂಜೆ ಆರೂವರೆ. ವಾರದ ದಿನಗಳಲ್ಲಿ ಬೆಳಗ್ಗೆ ಹತ್ತರಿಂದ ಹನ್ನೊಂದೂವರೆವರೆಗೆ ನಮ್ಮವರೆಲ್ಲ ಶಾಲೆ, ಕಾಲೇಜು, ಕಚೇರಿಗಳಲ್ಲಿರುತ್ತಾರೆ, ದುಬೈಯವರು ಕೆಲಸಕ್ಕೆ ಹೊರಟಿರುತ್ತಾರೆ, ಅಮೆರಿಕದವರು ಮಲಗಿರುತ್ತಾರೆ; ಆ ಹೊತ್ತಿಗೆ ಇರುವುದು ನಾಲ್ಕೈದು ಮಂದಿ. ನನ್ನ ಉದ್ಯೋಗದ ಪಾಳಿ ಮಧ್ಯಾಹ್ನ ಒಂದಕ್ಕೆ ಶುರುವಾಗುವುದರಿಂದ ಬುಧವಾರ ಬೆಳಗ್ಗೆ ಹತ್ತಕ್ಕೆ ಇಟ್ಟೆ. ಹಾಡುಹಗಲಲ್ಲಿ ಸರ್ವರ್ ಮುಚ್ಚುವವನು ನೀನೊಬ್ಬನೇ ಎಂದು ನಕ್ಕವರು ಬಹಳ. ಎದ್ದಿರುವ ತಲೆಯಿಂದ ಕೆಲಸ ಮಾಡಿದರೆ ಎಡವಟ್ಟುಗಳು ಅರ್ಧಕ್ಕರ್ಧ ಕಡಿಮೆ, ಹೋಸ್ಟಿಂಗಿನವರ ಸಹಾಯವಾಣಿಯಲ್ಲೂ ಮನುಷ್ಯರು ಸಿಗುತ್ತಾರೆ. ಬಹುಮಾನದ ದಿನ ಬದಲಾಗುವ ನಡುರಾತ್ರಿಯಿಂದ ದೂರ ಇರುವುದರಿಂದ ಸರಣಿಯ ಲೆಕ್ಕವೂ ಸುಲಭ.

ದೊಡ್ಡ ಕೆಲಸಗಳನ್ನು ಮಾತ್ರ ಮಾರ್ಚಿಗೆ ಕಾದಿಡುತ್ತೇನೆ. ಆವೃತ್ತಿ ಬದಲಾವಣೆ, ಇಡೀ ಲೋಕವನ್ನು ಒತ್ತಾಯದಿಂದ ಹೊಸ ಸ್ವರೂಪಕ್ಕೆ ಪರಿವರ್ತಿಸುವುದು, ಯಾರು ಏನನ್ನು ಬದಲಿಸಿದರೆಂದು ದಾಖಲಿಸುವ ಪ್ಲಗಿನ್ ಆದ ಕೋರ್‌ಪ್ರೊಟೆಕ್ಟಿನ ಬೆಟ್ಟದಂತೆ ಬೆಳೆದ ಕೋಷ್ಟಕಗಳನ್ನು ಹಳೆಯ ದಾಖಲೆ ಅಳಿಸಿ ಹಗುರ ಮಾಡುವುದು, ಇವೆಲ್ಲ ಗಂಟೆಗಟ್ಟಲೆ ಹಿಡಿಯುವ ಕೆಲಸಗಳು. ಪರೀಕ್ಷೆಯ ದಿನಗಳಲ್ಲಿ ಸರ್ವರ್ ಅರ್ಧ ದಿನ ಮುಚ್ಚಿದರೆ ಕೆಲವು ತಾಯಂದಿರು ಥ್ಯಾಂಕ್ಸ್ ಹೇಳುವುದೂ ಉಂಟು. ಆರ್‌ಸಿಬಿ ಆಡುವ ಸಂಜೆಗಳನ್ನು ಬಳಸಿಕೊಳ್ಳುವ ಪ್ರಯೋಗವನ್ನೂ ಮಾಡಿದೆ. 7:30ಕ್ಕೆ ಪಂದ್ಯ ಶುರುವಾದರೆ ಆಟಗಾರರ ಸಂಖ್ಯೆ ಮೂರನೇ ಒಂದಕ್ಕೆ ಇಳಿಯುತ್ತದೆ, 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ನಮ್ಮವರು ಮೊದಲ ಸಲ ಐಪಿಎಲ್ ಕಪ್ ಗೆದ್ದಾಗ ಸರ್ವರಿನಲ್ಲಿ ಹತ್ತು ಮಂದಿಯೂ ಇರಲಿಲ್ಲ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಆದರೆ ಆ ಹೊತ್ತಿನಲ್ಲಿ ಕೆಲಸಕ್ಕೆ ಕೂರಲು ನನಗಾಗಲಿ ಮಾಡರೇಟರುಗಳಿಗಾಗಲಿ ಮನಸ್ಸು ಬಾರದ ಕಾರಣ ಪ್ರಯೋಗ ಕೈಬಿಟ್ಟೆ. ಪಂದ್ಯ ಬೇಗ ಮುಗಿದರೆ ಜನ ಒಮ್ಮೆಲೇ ಮರಳುವ ಅಪಾಯವೂ ಇದೆ.

ಮುಗಿಯುವ ಸಮಯವನ್ನು ಹೇಳುವ ಬಗೆಯಲ್ಲೂ ಸ್ವಲ್ಪ ಪಳಗಿದ್ದೇನೆ. ನಲವತ್ತು ನಿಮಿಷ ಹಿಡಿಯುವ ಕೆಲಸಕ್ಕೆ ಒಂದೂವರೆ ಗಂಟೆ ಎನ್ನುತ್ತೇನೆ, ತಡವಾದರೆ ಹೇಳಿದ ಸಮಯ ಮೀರುವ ಮೊದಲೇ ಒಂದು ಸಲ, ಒಂದೇ ಸಲ, ಮುಂದೂಡುತ್ತೇನೆ. ಹತ್ತು ಹತ್ತು ನಿಮಿಷ ಮೂರು ಸಲ ಮುಂದೂಡಿದರೆ ಬರುವ ಬೈಗುಳ, ಒಮ್ಮೆಗೇ ಒಂದು ಗಂಟೆ ಮುಂದೂಡಿದರೆ ಬರುವುದಿಲ್ಲ.

ನಿಲುಗಡೆಯ ಅವಧಿಯನ್ನೇ ಕಡಿಮೆ ಮಾಡುವ ಕೆಲಸವನ್ನು ನಾನು ಬಿಟ್ಟಿದ್ದೇನೆಂದು ಯಾರೂ ಭಾವಿಸಬಾರದು. ಬ್ಯಾಕಪ್ಪಿಗೆಂದು ಸೇವ್-ಆಫ್ ಹಾಕಿ (ಲೋಕ ತಾನಾಗಿ ಉಳಿಯುವುದನ್ನು ನಿಲ್ಲಿಸಿ), ಸ್ಮೃತಿಯಲ್ಲಿರುವುದನ್ನು ಡಿಸ್ಕಿಗೆ ಫ್ಲಶ್ ಮಾಡಿ, ಸರ್ವರ್ ಓಡುತ್ತಿರುವಾಗಲೇ ಕಡತಗಳನ್ನು ನಕಲಿಸುವ ಆರ್‌ಸಿಂಕಿನ ಮೊದಲ ಸುತ್ತು ಮುಗಿಸಿ ಸೇವ್ ಮತ್ತೆ ಆನ್ ಮಾಡಿ, ನಿಲ್ಲಿಸಿದ ಮೇಲೆ ಬದಲಾದ ಕಡತಗಳ ಎರಡನೇ ಸುತ್ತು ಮಾತ್ರ ನಡೆಸುವುದು ಎಲ್ಲರೂ ಮಾಡುವಂಥದ್ದೇ. ನಲವತ್ತು ಜಿಬಿಯ ಲೋಕಕ್ಕೆ ನಮ್ಮಲ್ಲಿ ಎರಡನೇ ಸುತ್ತು ಮೂರು ನಾಲ್ಕು ನಿಮಿಷ ಹಿಡಿಯುತ್ತದೆ. ಹಾಗೆಂದು ನಿಲುಗಡೆಯನ್ನು ಸೊನ್ನೆಗಿಳಿಸಲು ಎರಡನೇ ದೊಡ್ಡ ಯಂತ್ರಕ್ಕೆ ತಿಂಗಳಿಗೆ ಆರು ಸಾವಿರ ಸುರಿಯುವ ಸಲಹೆಯನ್ನು ಈಗ ಯಾರು ಕೊಟ್ಟರೂ ಕೇಳುವುದಿಲ್ಲ. ನನ್ನ ಒಟ್ಟು ಖರ್ಚು ಆ ವಿದ್ಯಾರ್ಥಿಗೆ ಕೊಟ್ಟ ಎಂಟು ಸಾವಿರ, ಕೋಣೆಗೆ ತಿಂಗಳಿಗೆ ಆರುನೂರು, ಆ ಎಂಬತ್ತಮೂರು ದಿನಗಳ ಉಡುಗೊರೆ. ಬೂಸ್ಟರ್ ಮಾರಾಟವೇ ಮೊದಲಿಗಿಂತ ಮೂರನೇ ಒಂದರಷ್ಟು ಏರಿದೆ. ಬುಧವಾರದ ಹಿಂದಿನ ರಾತ್ರಿ ಕೊಳ್ಳಲು ಹಿಂಜರಿಯುತ್ತಿದ್ದವರು ಈಗ ಹಿಂಜರಿಯುವುದಿಲ್ಲ.

ಬಗೆಹರಿಯದೆ ಉಳಿದಿರುವುದು ಹರಾಜಿನ ಕೊನೆಯ ಹತ್ತು ನಿಮಿಷ. ಸೆಕೆಂಡು ಲೆಕ್ಕದಲ್ಲಿ ಮರಳಿಸಿದರೂ, ಬೆಳಗ್ಗೆ 10:05ಕ್ಕೆ ಮುಗಿಯಬೇಕಿದ್ದ ಹರಾಜು ಸರ್ವರ್ ತೆರೆದ ಐದೇ ನಿಮಿಷಕ್ಕೆ ಮುಗಿದುಹೋಗುತ್ತದೆ, ಆಗ ಕಾಯುವ ಕೋಣೆಯಲ್ಲಿದ್ದವರಿಗೆ ಮಾತ್ರ ಕೂಗುವ ಅವಕಾಶ. ಬುಧವಾರ ಒಂಬತ್ತರಿಂದ ಹನ್ನೊಂದರ ನಡುವೆ ಮುಗಿಯುವಂಥ ಹರಾಜನ್ನು ಇಡಲೇ ಆಗದಂತೆ ಸದ್ಯ ತಡೆ ಹಾಕಿದ್ದೇನೆ. ಕೋಣೆಯಿಂದಲೇ ಬೆಲೆ ಕೂಗುವ ವ್ಯವಸ್ಥೆಯನ್ನು ಅದೇ ವಿದ್ಯಾರ್ಥಿ ಬರೆಯುತ್ತಿದ್ದಾನೆ, ಈ ಸಲ ಹನ್ನೆರಡು ಸಾವಿರ ಕೇಳಿದ್ದಾನೆ, ಹತ್ತಕ್ಕೆ ಇಳಿಸಲು ನೋಡುತ್ತಿದ್ದೇನೆ.